ಗೇಮಿಂಗ್ ಕಂಪ್ಯೂಟರಿಗೆ ಎರಡು ಗ್ರಾಫಿಕ್ಸ್ ಕಾರ್ಡ್ ಬೇಕೇ? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಬರುವ ಹುಡುಗರಲ್ಲಿ ಒಬ್ಬರಾದರೂ ಕಂಪ್ಯೂಟರಿನ ಮಾತು ತೆಗೆಯುತ್ತಾರೆ. ಹೋಟೆಲಿನ ಗಲ್ಲಾದಲ್ಲಿ ಕುಳಿತು ಕೂಡಿಟ್ಟ ಸಂಬಳ, ಮೊದಲ ಕೆಲಸದ ಆರು ತಿಂಗಳ ಉಳಿತಾಯ, ಊರಿನಿಂದ ಅಜ್ಜಿ ಕಳಿಸಿದ ಹಣ, ಇಂಥ ದುಡ್ಡಿನಲ್ಲಿ ಅವರು ಯಂತ್ರ ಕಟ್ಟುತ್ತಾರೆ. ಈಚೆಗೆ ಬಹಳ ಮಂದಿ ಕೇಳುತ್ತಿರುವುದು ಒಂದೇ ಪ್ರಶ್ನೆ. ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎರಡು ಹಳೆಯ ಗ್ರಾಫಿಕ್ಸ್ ಕಾರ್ಡುಗಳು (ಪರದೆಯ ಮೇಲಿನ ಚಿತ್ರ ಬಿಡಿಸುವ ಬಿಡಿಭಾಗ) ಒಂದು ಹೊಸ ಕಾರ್ಡಿಗಿಂತ ಅಗ್ಗಕ್ಕೆ ಸಿಗುತ್ತಿವೆ, ತಂದು ಜೋಡಿಸಿದರೆ ಹೇಗೆ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ, ಆಟಕ್ಕಾಗಿ ಎರಡು ಕಾರ್ಡ್ ಕೊಳ್ಳಬಹುದೇ?

ಬೇಡ. ಇರುವ ಹಣವನ್ನೆಲ್ಲ ಒಂದೇ ಒಳ್ಳೆಯ ಕಾರ್ಡಿಗೆ ಹಾಕಿ. ಈಗ ಬರುತ್ತಿರುವ ಆಟಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಎರಡನೆಯ ಕಾರ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಕ್ಯಾಬಿನೆಟ್ಟಿನಲ್ಲಿ ಸುಮ್ಮನೆ ಕುಳಿತು ಮೇಲಿನ ಕಾರ್ಡಿಗೆ ಹೋಗಬೇಕಾದ ಗಾಳಿಯನ್ನು ತಡೆಯುತ್ತದೆ.

ಹಾಗಾದರೆ ಹತ್ತು ಹದಿನೈದು ವರ್ಷಗಳ ಹಿಂದೆ ಎರಡು ಕಾರ್ಡ್ ಹಾಕಿಕೊಂಡವರೆಲ್ಲ ತಪ್ಪು ಮಾಡಿದರೇ?

ಇಲ್ಲ. ಆಗ ಅದಕ್ಕೆ ಅರ್ಥವಿತ್ತು. 1998ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ 2 ಕಾರ್ಡುಗಳನ್ನು ಜೋಡಿಯಾಗಿ ಹಾಕಬಹುದಿತ್ತು. ಪರದೆಯ ಒಂದು ಗೆರೆಯನ್ನು ಒಂದು ಕಾರ್ಡ್ ಬಿಡಿಸಿದರೆ ಮುಂದಿನ ಗೆರೆಯನ್ನು ಇನ್ನೊಂದು ಬಿಡಿಸುತ್ತಿತ್ತು. ಈ ಜೋಡಣೆಗೆ ಎಸ್‌ಎಲ್‌ಐ ಎಂದು ಹೆಸರು. ಆ ಕಂಪನಿ ಮುಳುಗಿದ ಮೇಲೆ ಅದರ ಸ್ವತ್ತುಗಳು ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ ಕೈಗೆ ಹೋದವು. 2004ರಲ್ಲಿ ಎನ್‌ವಿಡಿಯಾ ಅದೇ ಎಸ್‌ಎಲ್‌ಐ ಎಂಬ ಹೆಸರನ್ನು ಬೇರೆ ಅರ್ಥದಲ್ಲಿ ಮತ್ತೆ ತಂದಿತು. ಮರುವರ್ಷ ಎಟಿಐ ಕಂಪನಿ ಕ್ರಾಸ್‌ಫೈರ್ ಎಂಬ ತನ್ನದೇ ಜೋಡಣೆಯನ್ನು ಹೊರಡಿಸಿತು. 2006ರಲ್ಲಿ ಎಎಂಡಿ ಎಂಬ ಚಿಪ್ ಕಂಪನಿ ಎಟಿಐಯನ್ನು ಕೊಂಡಾಗ ಕ್ರಾಸ್‌ಫೈರ್ ಕೂಡ ಅದರ ಪಾಲಾಯಿತು.

ಈ ಹೊಸ ಕಾಲದ ಜೋಡಿ ಕೆಲಸ ಮಾಡುವ ಬಗೆಯನ್ನು ಹುಡುಗರಿಗೆ ನಾನು ದೋಸೆಯ ಕಾವಲಿಯಿಂದ ವಿವರಿಸುತ್ತೇನೆ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಎರಡು ಕಾವಲಿ ಹೊತ್ತಿಸಿರುತ್ತಾರೆ. ಒಂದನೆಯ ದೋಸೆ ಈ ಕಾವಲಿಯಲ್ಲಿ, ಎರಡನೆಯದು ಆ ಕಾವಲಿಯಲ್ಲಿ, ಮೂರನೆಯದು ಮತ್ತೆ ಈ ಕಾವಲಿಯಲ್ಲಿ. ಒಂದು ದೋಸೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ, ಹಾಗಾಗಿ ಗಿರಾಕಿಗಳಿಗೆ ಬೇಗ ಬೇಗ ಸಿಗುತ್ತದೆ. ಜೋಡಿ ಕಾರ್ಡ್ ಕೂಡ ಹೀಗೆಯೇ ಒಂದು ಫ್ರೇಮ್ (ಪರದೆಯ ಒಂದು ಪೂರ್ತಿ ಚಿತ್ರ) ಇಲ್ಲಿ, ಮುಂದಿನ ಫ್ರೇಮ್ ಅಲ್ಲಿ ಎಂದು ಸರದಿಯಲ್ಲಿ ಬಿಡಿಸುತ್ತಿತ್ತು.

ಈಗ ದೋಸೆಯ ಬದಲು ಪದರ ಪದರವಾಗಿ ಬೇಯಿಸುವ ತಿಂಡಿಯನ್ನು ಯೋಚಿಸಿ. ಕೆಳಗಿನ ಪದರ ಬೆಂದ ಮೇಲೆಯೇ ಅದರ ಮೇಲೆ ಮುಂದಿನದನ್ನು ಹೊಯ್ಯಬೇಕು. ಆಗ ಎರಡನೆಯ ಕಾವಲಿ ಇದ್ದರೂ ಭಟ್ಟರು ಕಾಯಬೇಕಾಗುತ್ತದೆ. ಇಂದಿನ ಆಟಗಳು ಹೀಗಾಗಿವೆ. ಅಂಚುಗಳನ್ನು ನಯಗೊಳಿಸಲು, ನೆರಳು ಬೆಳಕನ್ನು ಲೆಕ್ಕ ಹಾಕಲು, ಕಡಿಮೆ ರೆಸಲ್ಯೂಶನ್ನಿನ ಚಿತ್ರವನ್ನು ಹಿಗ್ಗಿಸಲು, ಎಲ್ಲದಕ್ಕೂ ಹಿಂದಿನ ಫ್ರೇಮಿನ ಮಾಹಿತಿ ಬೇಕು. ಆ ಹಿಂದಿನ ಫ್ರೇಮ್ ಇರುವುದು ಪಕ್ಕದ ಕಾರ್ಡಿನ ಮೆಮೊರಿಯಲ್ಲಿ. ಅದನ್ನು ಸೆಕೆಂಡಿಗೆ ಹತ್ತಾರು ಬಾರಿ ಈಚೆಗೆ ಸಾಗಿಸುವಷ್ಟರಲ್ಲಿ ಗಳಿಸಿದ ವೇಗವೆಲ್ಲ ಕರಗಿರುತ್ತದೆ. ಜೋಡಿ ಕಾರ್ಡನ್ನು ಕೊಂದದ್ದು ಕಂಪನಿಗಳ ಲೋಭ ಎಂದು ಕೆಲವರು ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ ಚಿತ್ರ ಬಿಡಿಸುವ ವಿಧಾನವೇ ಬದಲಾದದ್ದು.

ಎರಡು ಕಾರ್ಡ್ ಹಾಕಿದರೆ ವೇಗ ಎರಡು ಪಟ್ಟು ಆಗುತ್ತಿತ್ತೇ?

ಚೆನ್ನಾಗಿ ಹೊಂದಿಕೊಂಡ ಆಟಗಳಲ್ಲಿ ಹತ್ತಿರ ಹತ್ತಿರ ಹೋಗುತ್ತಿತ್ತು. ಹೆಚ್ಚಿನವುಗಳಲ್ಲಿ ಅದಕ್ಕಿಂತ ಬಹಳ ಕಡಿಮೆ, ಕೆಲವುಗಳಲ್ಲಿ ಏನೂ ಇಲ್ಲ, ಇನ್ನು ಕೆಲವುಗಳಲ್ಲಿ ಒಂದೇ ಕಾರ್ಡಿಗಿಂತ ನಿಧಾನ.

ಇದಕ್ಕಿಂತ ನೋವಿನ ಸಂಗತಿ ಬೇರೆ ಇದೆ. 2015ರಲ್ಲಿ ನಾನೇ ಎನ್‌ವಿಡಿಯಾದ ಎರಡು ಜಿಟಿಎಕ್ಸ್ 970 ಕಾರ್ಡುಗಳನ್ನು ಕೊಂಡಿದ್ದೆ. ಅಂಗಡಿಯವರು ವೇಗ ದುಪ್ಪಟ್ಟು ಎಂದು ಭರವಸೆ ಕೊಟ್ಟಿದ್ದರು, ಪರದೆಯ ಮೂಲೆಯ ಅಂಕೆಯೂ ಸೆಕೆಂಡಿಗೆ 60 ಫ್ರೇಮ್ ಎಂದೇ ತೋರಿಸುತ್ತಿತ್ತು. ಆದರೂ ಆಟದಲ್ಲಿ ಕಾರು ತಿರುಗಿಸುವಾಗ ರಸ್ತೆ ಮುಗ್ಗರಿಸಿದಂತೆ ಕಾಣುತ್ತಿತ್ತು. ಕಣ್ಣಿನ ದೋಷವೆಂದೇ ಒಂದು ವಾರ ನಂಬಿದ್ದೆ. ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. 60 ಫ್ರೇಮ್ ಸಮವಾಗಿ ಬಂದರೆ ಪ್ರತಿಯೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್. ಜೋಡಿ ಕಾರ್ಡಿನಲ್ಲಿ ಒಂದು ಫ್ರೇಮ್ 8 ಮಿಲಿಸೆಕೆಂಡಿಗೆ, ಮುಂದಿನದು 25 ಮಿಲಿಸೆಕೆಂಡಿಗೆ ಬಂದರೂ ಸರಾಸರಿ 60 ಎಂದೇ ಬರುತ್ತದೆ. ಕಣ್ಣು ಮಾತ್ರ ಆ 25ನ್ನು ಹಿಡಿಯುತ್ತದೆ. ಇದಕ್ಕೆ ಮೈಕ್ರೋ ಸ್ಟಟರ್ ಎನ್ನುತ್ತಾರೆ. 2013ರಲ್ಲಿ ಎಎಂಡಿ ಫ್ರೇಮುಗಳ ಅಂತರವನ್ನು ಸಮಗೊಳಿಸುವ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬಿಡುಗಡೆ ಮಾಡಬೇಕಾಗಿ ಬಂದದ್ದು ಈ ದೂರು ಹೆಚ್ಚಿದ್ದರಿಂದಲೇ.

ಹೊಸ ಆಟ ಬಂದ ದಿನ ಗೆಳೆಯರೆಲ್ಲ ಆಡುತ್ತಿದ್ದರೆ ನಾನು ಆ ಆಟದ ಎಸ್‌ಎಲ್‌ಐ ಪ್ರೊಫೈಲ್ (ಕೆಲಸವನ್ನು ಎರಡೂ ಕಾರ್ಡಿಗೆ ಹೇಗೆ ಹಂಚಬೇಕೆಂದು ಡ್ರೈವರಿಗೆ ಹೇಳುವ ಸೂಚನೆ) ಬರಲಿ ಎಂದು ಕಾಯುತ್ತಿದ್ದೆ. ಕೆಲವು ಆಟಗಳಿಗೆ ಅದು ಬರಲೇ ಇಲ್ಲ. ಅಂಥ ಆಟವನ್ನು ಎರಡನೆಯ ಕಾರ್ಡನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿ ಆಡಬೇಕಿತ್ತು. ತಿಂಗಳುಗಟ್ಟಲೆ ಉಳಿಸಿದ ಹಣ ಅಲ್ಲಿ ನಿಷ್ಪ್ರಯೋಜಕವಾಗಿ ಕುಳಿತಿರುವುದನ್ನು ನೋಡಿದಾಗ ಆದ ಸಂಕಟ ಬೇರೆ ಯಾರಿಗೂ ಆಗಬಾರದು.

ಎಂಟು ಜಿಬಿ ಮೆಮೊರಿಯ ಎರಡು ಕಾರ್ಡ್ ಸೇರಿದರೆ ಹದಿನಾರು ಜಿಬಿ ಆಗುತ್ತದಲ್ಲವೇ?

ಆಗುವುದಿಲ್ಲ. ಎರಡೂ ಕಾರ್ಡುಗಳು ಒಂದೇ ದೃಶ್ಯವನ್ನು ಬಿಡಿಸಬೇಕಾದ್ದರಿಂದ ಒಂದೇ ಸಾಮಗ್ರಿಯನ್ನು ಇಬ್ಬರೂ ಇಟ್ಟುಕೊಳ್ಳಬೇಕು. ಆಟದ ಪಾಲಿಗೆ ಅದು ಎಂಟೇ ಜಿಬಿ. ಮಾರುವವರು ಹದಿನಾರು ಎಂದರೆ ಅಲ್ಲಿಂದ ಎದ್ದು ಬನ್ನಿ.

ಕಂಪನಿಗಳೇ ಇದನ್ನು ನಿಲ್ಲಿಸಿಬಿಟ್ಟವೇ? ಯಾವಾಗ?

ಒಂದೇ ದಿನ ನಿಲ್ಲಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 2014ರಲ್ಲಿ ಉತ್ಸಾಹ ತುದಿಯಲ್ಲಿತ್ತು. ಒಂದೇ ಹಲಗೆಯ ಮೇಲೆ ಎರಡು ಚಿಪ್ ಇದ್ದ ಎಎಂಡಿಯ ಆರ್9 295 ಎಕ್ಸ್2 ಆ ವರ್ಷ 1,499 ಡಾಲರಿಗೆ ಬಂತು. 500 ವ್ಯಾಟ್ ಎಳೆಯುವ ಅದಕ್ಕೆ ನೀರಿನ ತಂಪು ವ್ಯವಸ್ಥೆಯನ್ನು ಕಂಪನಿಯೇ ಜೋಡಿಸಿ ಕೊಡುತ್ತಿತ್ತು. ಎನ್‌ವಿಡಿಯಾದ ಟೈಟಾನ್ ಝಡ್ ಬೆಲೆ ಅದರ ಎರಡು ಪಟ್ಟು.

ಎರಡೇ ವರ್ಷದಲ್ಲಿ ಗಾಳಿ ತಿರುಗಿತು. 2016ರ ಜಿಟಿಎಕ್ಸ್ 1060ರಲ್ಲಿ ಎಸ್‌ಎಲ್‌ಐ ಜೋಡಣೆಯನ್ನೇ ಇಡಲಿಲ್ಲ. ಎನ್‌ವಿಡಿಯಾದ ಮಧ್ಯಮ ಬೆಲೆಯ ಕಾರ್ಡಿಗೆ ಬಾಗಿಲು ಮುಚ್ಚಿದ್ದು ಆಗಲೇ. 2019ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 5700 ಕಾರ್ಡುಗಳಿಗೆ ಕ್ರಾಸ್‌ಫೈರ್ ಸಿಗಲಿಲ್ಲ. ಎನ್‌ವಿಡಿಯಾದ 30 ಸರಣಿಯಲ್ಲಿ ಜೋಡಿಸುವ ಕೊಂಡಿ ಇದ್ದದ್ದು ಆರ್‌ಟಿಎಕ್ಸ್ 3090 ಮತ್ತು ಆಮೇಲೆ ಬಂದ 3090 ಟಿಐ ಕಾರ್ಡುಗಳಿಗೆ ಮಾತ್ರ. 2021ರ ಜನವರಿ 1ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲುಗಳನ್ನು ಬರೆಯುವುದಿಲ್ಲ, ಆಟ ಬರೆಯುವವರೇ ಆಟ ಕಾರ್ಡಿನ ಜೊತೆ ಮಾತಾಡಲು ಬಳಸುವ ಡೈರೆಕ್ಟ್‌ಎಕ್ಸ್ 12 ಅಥವಾ ವಲ್ಕನ್ ಮೂಲಕ ನೋಡಿಕೊಳ್ಳಲಿ ಎಂದು ಕಂಪನಿ ಪ್ರಕಟಿಸಿತು. 2022ರ ಆರ್‌ಟಿಎಕ್ಸ್ 4090ರಲ್ಲಿ ಆ ಕೊಂಡಿಯೂ ಇಲ್ಲ.

ಆಟ ಬರೆಯುವವರು ನೋಡಿಕೊಂಡರೇ? ಬೆರಳೆಣಿಕೆಯ ಮಂದಿ. ಆ್ಯಶಸ್ ಆಫ್ ದಿ ಸಿಂಗ್ಯುಲಾರಿಟಿ ಎಂಬ ಆಟದಲ್ಲಿ ಒಂದು ಎಎಂಡಿ, ಒಂದು ಎನ್‌ವಿಡಿಯಾ ಕಾರ್ಡನ್ನು ಒಟ್ಟಿಗೆ ದುಡಿಸಬಹುದಿತ್ತು. ನನಗೆ ಈಗಲೂ ಅದು ಒಂದು ಸೊಗಸಾದ ಸಾಧನೆ ಎನಿಸುತ್ತದೆ. ಆದರೆ ನೂರರಲ್ಲಿ ಒಬ್ಬನ ಬಳಿಯೂ ಇಲ್ಲದ ಯಂತ್ರಕ್ಕಾಗಿ ತಿಂಗಳುಗಟ್ಟಲೆ ದುಡಿಯುವ ತಂಡ ಎಲ್ಲಿ ಸಿಕ್ಕೀತು?

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಜೋಡಿ ಬಹಳ ಅಗ್ಗ. ಆಟಕ್ಕೆ ಆಗದಿದ್ದರೂ ಒಂದು ಕೆಟ್ಟರೆ ಇನ್ನೊಂದು ಇರುತ್ತದಲ್ಲ?

ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಹುಡುಗರು ಹಣ ಕಳೆದುಕೊಳ್ಳುವುದು ಇಲ್ಲೇ.

ಗ್ರಾಂಟ್ ರೋಡ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಆ ರಸ್ತೆಯನ್ನು ನಾನು ಬಹಳ ಪ್ರೀತಿಸುತ್ತೇನೆ. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರು ಅಲ್ಲಿ ಬೇಕಾದಷ್ಟು ಇದ್ದಾರೆ. ಆದರೆ ಒಂದೇ ಮಾದರಿಯ ಎರಡು, ನಾಲ್ಕು, ಆರು ಕಾರ್ಡುಗಳು ಒಟ್ಟಿಗೆ ಮಾರಾಟಕ್ಕೆ ಬಂದಿವೆ ಎಂದರೆ ಅವು ಎಲ್ಲಿಂದ ಬಂದವು ಎಂದು ಕೇಳಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ (ಕಾರ್ಡುಗಳಿಂದ ಲೆಕ್ಕ ಹಾಕಿಸಿ ನಾಣ್ಯ ಗಳಿಸುವ ಕೆಲಸ) ನಿಂತಾಗ ವರ್ಷಗಟ್ಟಲೆ ಹಗಲೂ ರಾತ್ರಿ ಓಡಿದ್ದ ಕಾರ್ಡುಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದವು. ಗಣಿಗಾರಿಕೆ ಮಾಡಿದ ಕಾರ್ಡೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಚಿಪ್ ಗಟ್ಟಿಯಾಗಿಯೇ ಇರಬಹುದು. ಸವೆಯುವುದು ಫ್ಯಾನಿನ ಬೇರಿಂಗ್, ಒಣಗುವುದು ಮೆಮೊರಿಯ ಮೇಲಿನ, ಬಿಸಿ ಹೊರಹಾಕುವ ಥರ್ಮಲ್ ಪ್ಯಾಡ್.

ಎಎಂಡಿಯ ಆರ್‌ಎಕ್ಸ್ 580 ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. ಆ ಹೆಸರಿನಲ್ಲಿ ಎರಡು ಬಗೆಯ ಕಾರ್ಡುಗಳಿವೆ. ಮೂಲದ್ದರಲ್ಲಿ 2,304 ಸ್ಟ್ರೀಮ್ ಪ್ರೊಸೆಸರುಗಳು (ಲೆಕ್ಕ ಮಾಡುವ ಸಣ್ಣ ಘಟಕಗಳು), ಚೀನಾದ ಮಾರುಕಟ್ಟೆಗೆಂದು ಆಮೇಲೆ ಬಂದದ್ದರಲ್ಲಿ 2,048. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಗಣಿಗಾರಿಕೆಗಾಗಿ ಬಯಾಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ಬದಲಿಸಿದ ಕಾರ್ಡುಗಳೂ ಇವೆ. ಅವು ಆಟದ ನಡುವೆ ಪರದೆಯನ್ನು ಕಪ್ಪಾಗಿಸಬಹುದು. ಇನ್ನೂ ಕೆಟ್ಟದ್ದೆಂದರೆ, ಬಹಳ ಹಳೆಯ ಚಿಪ್ಪಿಗೆ ಹೊಸ ಹೆಸರು ತುಂಬಿದ ನಕಲಿ ಕಾರ್ಡುಗಳು.

ಆದ್ದರಿಂದ ಕೊಳ್ಳುವುದೇ ಆದರೆ ಒಂದನ್ನೇ ಕೊಳ್ಳಿ, ಅಂಗಡಿಯಲ್ಲೇ ಯಂತ್ರಕ್ಕೆ ಹಾಕಿಸಿ ನೋಡಿ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಅದು ಚಿಪ್ಪಿನ ನಿಜವಾದ ವಿವರ ಹೇಳುತ್ತದೆ. ಇಪ್ಪತ್ತು ನಿಮಿಷ ಭಾರೀ ಆಟವನ್ನೋ ಪರೀಕ್ಷೆಯನ್ನೋ ಓಡಿಸಿ, ಫ್ಯಾನಿನ ಹತ್ತಿರ ಕಿವಿ ಇಡಿ. ಕಾರ್ಡಿನ ಮೇಲಿನ ಸೀರಿಯಲ್ ನಂಬರೂ ಬಿಲ್ಲಿನ ಮೇಲಿನದೂ ಒಂದೇ ಆಗಿರಬೇಕು. ಹೊರಗಿನ ಕೊಂಡಿಗಳ ಲೋಹದ ತಟ್ಟೆಯಲ್ಲಿ ತುಕ್ಕು ಕಂಡರೆ ಬೇಡವೆನ್ನಿ. ಸಮುದ್ರದ ಈ ಉಪ್ಪು ಗಾಳಿಯಲ್ಲಿ ನಾಲ್ಕು ಮಳೆಗಾಲ ತೆರೆದಿಟ್ಟ ಕಾರ್ಡಿನ ಒಳಗೂ ಅದೇ ತುಕ್ಕು ಇರುತ್ತದೆ.

ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಎನ್ನುವ ಲೆಕ್ಕವೂ ನಿಲ್ಲುವುದಿಲ್ಲ. ಎರಡೂ ಒಂದೇ ಕಡೆ, ಒಂದೇ ಸೆಖೆಯಲ್ಲಿ, ಒಂದೇ ಅವಧಿ ದುಡಿದಿರುತ್ತವೆ. ಸವೆತವೂ ಎರಡಕ್ಕೂ ಒಟ್ಟಿಗೇ ಆಗಿರುತ್ತದೆ.

ನನ್ನ ಬಳಿ ಈಗಾಗಲೇ ಒಂದು ಜಿಟಿಎಕ್ಸ್ 1070 ಇದೆ. ಅಂಥದ್ದೇ ಇನ್ನೊಂದು ತರಲೇ?

ತರಬೇಡಿ. ಅದು ಎಸ್‌ಎಲ್‌ಐಗೆ ಒಪ್ಪುವ ಕಾರ್ಡೇ, ಆದರೆ ನೀವು ಆಡಬೇಕೆಂದಿರುವ ಆಟಗಳು ಒಪ್ಪುವುದಿಲ್ಲ. ಅಲ್ಲದೆ 900 ಮತ್ತು 1000 ಸರಣಿಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿದೆ, ಇನ್ನು ಬರುವುದು ಸುರಕ್ಷತೆಯ ತಿದ್ದುಪಡಿಗಳು ಮಾತ್ರ. ಇರುವುದನ್ನು ಒಳ್ಳೆಯ ಬೆಲೆ ಸಿಗುವಾಗಲೇ ಮಾರಿ, ಎರಡನೆಯದಕ್ಕೆ ಇಟ್ಟ ಹಣವನ್ನು ಅದಕ್ಕೆ ಸೇರಿಸಿ ಹೊಸ ಪೀಳಿಗೆಯ ಒಂದು ಕಾರ್ಡ್ ತನ್ನಿ.

ನನ್ನ ಮದರ್‌ಬೋರ್ಡಿನಲ್ಲಿ ಎರಡು ಉದ್ದ ಸ್ಲಾಟ್ ಇವೆಯಲ್ಲ, ಅವು ಏಕೆ?

ಉದ್ದ ಒಂದೇ ಇದ್ದರೂ ಒಳಗಿನ ದಾರಿ ಒಂದೇ ಅಲ್ಲ. ಸಾಮಾನ್ಯ ಪ್ರೊಸೆಸರು ಗ್ರಾಫಿಕ್ಸಿಗಾಗಿ ಮಾಹಿತಿ ಸಾಗುವ ಹದಿನಾರು ಪಿಸಿಐ ಎಕ್ಸ್‌ಪ್ರೆಸ್ ದಾರಿಗಳನ್ನು ಕೊಡುತ್ತದೆ. ದುಬಾರಿ ಬೋರ್ಡುಗಳು ಅದನ್ನು ಎಂಟು ಎಂಟಾಗಿ ಹಂಚುತ್ತವೆ. ನಮ್ಮ ಹುಡುಗರು ಕೊಳ್ಳುವ ಅಗ್ಗದ ಬೋರ್ಡುಗಳಲ್ಲಿ ಎರಡನೆಯ ಸ್ಲಾಟಿಗೆ ಬೋರ್ಡಿನ ಸಹಾಯಕ ಚಿಪ್ಪಾದ ಚಿಪ್‌ಸೆಟ್ ಮೂಲಕ ಸಾಮಾನ್ಯವಾಗಿ ನಾಲ್ಕೇ ದಾರಿ ಸಿಗುತ್ತದೆ. ಎಸ್‌ಎಲ್‌ಐಗೆ ಕಾರ್ಡೊಂದಕ್ಕೆ ಕನಿಷ್ಠ ಎಂಟು ಬೇಕಿತ್ತು. ಆ ಸ್ಲಾಟಿನಲ್ಲಿ ವಿಡಿಯೊ ಕ್ಯಾಪ್ಚರ್ ಕಾರ್ಡನ್ನೋ ಹೆಚ್ಚುವರಿ ಎಸ್‌ಎಸ್‌ಡಿಯನ್ನೋ ಹಾಕಿ.

ವಿದ್ಯುತ್ ಮತ್ತು ಸೆಖೆಯ ವಿಚಾರವೇನು?

ಎರಡನೆಯ ಕಾರ್ಡ್ ಆಟದ ಹೊತ್ತಿನಲ್ಲಿ 150 ವ್ಯಾಟ್ ಹೆಚ್ಚು ಎಳೆಯಿತೆನ್ನಿ. ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 18 ಯೂನಿಟ್. ಇಲ್ಲಿ ಬಳಕೆ ಹೆಚ್ಚಿದಂತೆ ಯೂನಿಟ್ಟಿನ ದರವೂ ಹಂತ ಹಂತವಾಗಿ ಏರುವುದರಿಂದ, ಆ 18 ಯೂನಿಟ್ ಮನೆಯ ಬಿಲ್ಲನ್ನು ಮೇಲಿನ ಹಂತಕ್ಕೆ ನೂಕಬಹುದು. ಬಿಲ್ ಕಟ್ಟುವವರು ಅಪ್ಪ ಅಮ್ಮ ಎಂಬುದು ನೆನಪಿರಲಿ.

ಆ 150 ವ್ಯಾಟ್ ಕೊನೆಗೆ ಬಿಸಿಯಾಗಿಯೇ ಕೋಣೆಗೆ ಬರುತ್ತದೆ. ಮೇ ತಿಂಗಳಲ್ಲಿ ಚಾಳಿನ ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗುವ ಮನೆಗಳಿವೆ, ಅಂಥ ಮನೆಯಲ್ಲಿ ಬೆಳೆದವನು ನಾನು. ಎರಡು ಕಾರ್ಡಿನ ಯಂತ್ರ ಅಲ್ಲಿ ಒಲೆ ಇಟ್ಟಂತೆಯೇ. ಮೇಲಿನ ಕಾರ್ಡ್ ಕೆಳಗಿನದರ ಬಿಸಿಯನ್ನೇ ಎಳೆದುಕೊಂಡು ವೇಗ ಇಳಿಸುತ್ತದೆ, ಫ್ಯಾನು ಕೂಗುತ್ತದೆ, ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡುತ್ತದೆ.

ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಕೂಡ ದೊಡ್ಡದಾಗಬೇಕು. ಅಗ್ಗದ ಎಸ್‌ಎಂಪಿಎಸ್‌ಗೆ ಪರಿವರ್ತಕ ವೈರು ಸಿಕ್ಕಿಸಿ ಎರಡು ಕಾರ್ಡ್ ಓಡಿಸಲು ಹೊರಟವರನ್ನು ನೋಡಿದ್ದೇನೆ. ಎಂಟು ಪಿನ್ನಿನ ಒಂದು ಕೊಂಡಿ 150 ವ್ಯಾಟಿನವರೆಗೆ ಹೊರಬಲ್ಲದು, ಸ್ಲಾಟಿನಿಂದ 75 ವ್ಯಾಟ್ ಸಿಗುತ್ತದೆ. ಸಣ್ಣ ವೈರಿನಿಂದ ಅಷ್ಟನ್ನು ಎಳೆದರೆ ಕರಗುವುದು ಪ್ಲಾಸ್ಟಿಕ್ ಮಾತ್ರವಲ್ಲ, ಮನೆಗೇ ಬೆಂಕಿಯ ಅಪಾಯ. ದಯವಿಟ್ಟು ಇದನ್ನು ಮಾಡಬೇಡಿ.

ಲಾಸ್‌ಲೆಸ್ ಸ್ಕೇಲಿಂಗ್ ಬಳಸಿ ಎರಡು ಕಾರ್ಡ್ ಓಡಿಸುತ್ತಾರಂತೆ. ಅದು ಸುಳ್ಳೇ?

ನಿಜ. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಸಿಗುವ ಈ ಸಣ್ಣ ತಂತ್ರಾಂಶ ಎರಡು ನಿಜವಾದ ಫ್ರೇಮುಗಳ ನಡುವೆ ಊಹಿಸಿದ ಫ್ರೇಮುಗಳನ್ನು ಸೇರಿಸುತ್ತದೆ. ಆಟವನ್ನು ದೊಡ್ಡ ಕಾರ್ಡ್ ಬಿಡಿಸಲಿ, ಊಹೆಯ ಕೆಲಸವನ್ನು ಮೂಲೆಯಲ್ಲಿ ಬಿದ್ದ ಹಳೆಯ ಕಾರ್ಡ್ ಮಾಡಲಿ ಎಂದು ಹಂಚಬಹುದು. ಎರಡೂ ಒಂದೇ ಮಾದರಿಯಾಗಿರಬೇಕಿಲ್ಲ, ಒಂದೇ ಕಂಪನಿಯದಾಗಿರಬೇಕೆಂದೂ ಇಲ್ಲ. ಮಾನಿಟರಿನ ಕೇಬಲನ್ನು ಎರಡನೆಯ ಕಾರ್ಡಿಗೆ ಸಿಕ್ಕಿಸಬೇಕು.

ಮನೆಯಲ್ಲಿ ಹಳೆಯ ಕಾರ್ಡ್ ಇದ್ದರೆ, ಎಸ್‌ಎಂಪಿಎಸ್‌ಗೆ ಶಕ್ತಿ ಇದ್ದರೆ, ಸಂತೋಷದಿಂದ ಮಾಡಿ ನೋಡಿ. ನನ್ನ ಅಕ್ಕನ ಮಗ ಮಾಡಿಕೊಂಡಿದ್ದಾನೆ, ಕಥೆ ಹೇಳುವ ನಿಧಾನದ ಆಟಗಳಲ್ಲಿ ಚೆನ್ನಾಗಿ ಕಾಣುತ್ತದೆ. ಊಹಿಸಿದ ಫ್ರೇಮಿನಿಂದ ಕೈಯ ಚಲನೆಗೂ ಪರದೆಗೂ ನಡುವಿನ ವಿಳಂಬ ಕಡಿಮೆಯಾಗುವುದಿಲ್ಲ, ತುಸು ಹೆಚ್ಚುತ್ತದೆ. ವೇಗವಾಗಿ ಗುರಿಯಿಡುವ ಆಟಗಳಿಗೆ ಬೇಡ. ಇದಕ್ಕೆಂದೇ ಹೊಸದಾಗಿ ಹಣ ಹಾಕುವುದೂ ಬೇಡ.

ಹಳೆಯ ಆಟಗಳ ಫಿಸ್‌ಎಕ್ಸ್‌ಗಾಗಿ ಎರಡನೆಯ ಕಾರ್ಡ್?

2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿ 32 ಬಿಟ್ ಫಿಸ್‌ಎಕ್ಸ್ ಬೆಂಬಲವಿಲ್ಲದೆ ಬಂದಾಗ ಕೆಲವರು ಹಳೆಯ ಸಣ್ಣ ಕಾರ್ಡೊಂದನ್ನು ಪಕ್ಕದಲ್ಲಿ ಹಾಕಿಕೊಂಡರು. ಕೆಲವೇ ಆಟಗಳ ಹೊಗೆ, ಬಟ್ಟೆ, ಚೂರುಗಳ ಚಲನೆಗೆ ಸಂಬಂಧಿಸಿದ ವಿಷಯ ಇದು. ಅವುಗಳಲ್ಲಿ ಹೆಸರಾದ ಕೆಲವಕ್ಕೆ 2025ರ ಡಿಸೆಂಬರಿನ ಡ್ರೈವರಿನಲ್ಲಿ ಎನ್‌ವಿಡಿಯಾ ಬೆಂಬಲವನ್ನು ಮರಳಿ ಕೊಟ್ಟಿದೆ. ಉಳಿದ ಆಟಗಳ ಮೇಲೆ ನಿಮಗೆ ಬಹಳ ಪ್ರೀತಿಯಿದ್ದರೆ ಮಾತ್ರ ಯೋಚಿಸಿ.

ನನ್ನ ಲ್ಯಾಪ್‌ಟಾಪ್ ಎರಡು ಗ್ರಾಫಿಕ್ಸ್ ತೋರಿಸುತ್ತದೆ. ಅದೂ ಜೋಡಿಯೇ?

ಅಲ್ಲ. ಒಂದು ಪ್ರೊಸೆಸರಿನ ಒಳಗಿನದು, ಬ್ಯಾಟರಿ ಉಳಿಸಲು. ಇನ್ನೊಂದು ಆಟಕ್ಕೆ. ಕೆಲಸಕ್ಕೆ ತಕ್ಕಂತೆ ಇದೋ ಅದೋ ಚಿತ್ರ ಬಿಡಿಸುತ್ತದೆ, ಎರಡರ ವೇಗ ಕೂಡುವುದಿಲ್ಲ. ಡೆಸ್ಕ್‌ಟಾಪ್ ಇರುವವರು ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲದೆ ಕಾರ್ಡಿಗೇ ಸಿಕ್ಕಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಆಟ ನಿಧಾನವೆಂದು ದೂರು ತಂದವರ ಮನೆಗಳಲ್ಲಿ ಈ ತಪ್ಪನ್ನು ಎಷ್ಟೋ ಸಲ ಸರಿಪಡಿಸಿದ್ದೇನೆ.

ಹಾಗಾದರೆ ಎರಡು ಕಾರ್ಡಿನಿಂದ ಯಾರಿಗೂ ಲಾಭವಿಲ್ಲವೇ?

ಆಟದ ಹೊರಗೆ ಬಹಳ ಲಾಭವಿದೆ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಚಿತ್ರ ರೆಂಡರ್ ಮಾಡುವವರಿಗೆ ಎರಡು ಕಾರ್ಡ್ ನಿಜವಾಗಿಯೂ ಸಮಯ ಉಳಿಸುತ್ತವೆ. ಚಿತ್ರದ ಲೆಕ್ಕವನ್ನು ಹಂಚಿಕೊಳ್ಳುವುದು ಅಲ್ಲಿ ಸುಲಭ, ಒಂದು ಫ್ರೇಮ್ ಯಾವ ಮಿಲಿಸೆಕೆಂಡಿಗೆ ಬಂತು ಎಂಬುದು ಮುಖ್ಯವಲ್ಲ. ವಿಡಿಯೊ ಸಂಕಲನದ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯೂ ಒಂದಕ್ಕಿಂತ ಹೆಚ್ಚು ಕಾರ್ಡ್ ಬಳಸುತ್ತದೆ. ಚಾಟ್‌ಬಾಟ್‌ಗಳ ಹಿಂದಿರುವಂಥ ಎಐ ಭಾಷಾ ಮಾದರಿಗಳನ್ನು ಮನೆಯಲ್ಲೇ ಓಡಿಸುವವರು 24 ಜಿಬಿಯ ಎರಡು ಆರ್‌ಟಿಎಕ್ಸ್ 3090 ಹುಡುಕುವುದಕ್ಕೆ ಕಾರಣವಿದೆ. ಆಟಗಳಲ್ಲಿ ಆಗದಂತೆ, ಅಲ್ಲಿ ಮಾದರಿಯ ಪದರಗಳನ್ನು ಎರಡು ಕಾರ್ಡಿನ ಮೆಮೊರಿಗೆ ಹಂಚಿಡಬಹುದು. ಇಂಥ ಕೆಲಸದಿಂದ ಸಂಪಾದನೆ ಇರುವವರು ಈ ಪುಟದ ಸಲಹೆಯನ್ನು ತಮಗೆ ಅನ್ವಯಿಸಿಕೊಳ್ಳಬೇಕಿಲ್ಲ.

ಒಂದೇ ಕಾರ್ಡ್ ಎಂದಾದರೆ ಹೇಗೆ ಆರಿಸಲಿ?

ಮಾನಿಟರಿನಿಂದ ಶುರು ಮಾಡಿ. 1080ಪಿ ರೆಸಲ್ಯೂಶನ್ನಿನ ಸಾಮಾನ್ಯ ಪರದೆಯವರಿಗೆ, ಅದರ ನಾಲ್ಕು ಪಟ್ಟು ಚುಕ್ಕೆಗಳಿರುವ 4ಕೆ ಪರದೆಗೆಂದು ಮಾಡಿದ ಕಾರ್ಡ್ ಬೇಡ. ಹೊಸದಾಗಿ ಕೊಳ್ಳುವಾಗ ಸಾಧ್ಯವಿದ್ದರೆ 12 ಜಿಬಿ ಅಥವಾ ಹೆಚ್ಚಿನ ಮೆಮೊರಿ ಇರಲಿ. ಎಂಟು ಜಿಬಿ ಈಗಲೇ ಕೆಲವು ಆಟಗಳಲ್ಲಿ ಬಿಗಿಯಾಗುತ್ತಿದೆ. ಬಿಲ್, ಭಾರತದ ವಾರಂಟಿ, ನಿಮ್ಮ ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಉದ್ದ ಹಿಡಿಸುತ್ತದೆಯೇ ಎಂಬ ಅಳತೆ, ಈ ಮೂರನ್ನು ಅಂಗಡಿಗೆ ಹೋಗುವ ಮೊದಲೇ ಖಚಿತಪಡಿಸಿಕೊಳ್ಳಿ. ಹಣ ಉಳಿದರೆ ಎಸ್‌ಎಂಪಿಎಸ್‌ಗೆ ಹಾಕಿ.

ಮಗ ಎರಡು ಕಾರ್ಡೇ ಬೇಕೆಂದು ಹಟ ಹಿಡಿದಿದ್ದಾನೆ. ಬೇಡವೆಂದರೆ ಜಿಪುಣರೆನ್ನುತ್ತಾನೆ. ಏನು ಹೇಳಲಿ?

ಮುಲುಂಡಿನ ಒಬ್ಬ ತಾಯಿ ಕೇಳಿದ ಪ್ರಶ್ನೆ ಇದು. ಅಮ್ಮಾ, ಬೇಡವೆಂದು ಮಾತ್ರ ಹೇಳಬೇಡಿ. ಅವನು ಆಡಬೇಕೆಂದಿರುವ ಐದು ಆಟಗಳ ಹೆಸರು ಬರೆಸಿ. ಅವುಗಳಲ್ಲಿ ಎಷ್ಟಕ್ಕೆ ಜೋಡಿ ಕಾರ್ಡಿನ ಬೆಂಬಲವಿದೆ ಎಂದು ಅವನೇ ಹುಡುಕಲಿ. ಹುಡುಕಿದ ಮೇಲೆ ಅವನೇ ಬಂದು ಒಂದು ಸಾಕೆನ್ನುತ್ತಾನೆ ಎಂಬ ನಂಬಿಕೆ ನನಗಿದೆ. ಆಗ, ಎರಡಕ್ಕೆಂದು ನೀವು ಮನಸ್ಸಿನಲ್ಲಿ ಎಷ್ಟು ಎತ್ತಿಟ್ಟಿದ್ದಿರೋ ಅಷ್ಟನ್ನೂ ಆ ಒಂದಕ್ಕೆ ಕೊಡಿ.

ಈಗಾಗಲೇ ಜೋಡಿ ಕೊಂಡುಬಿಟ್ಟಿದ್ದೇನೆ. ಏನು ಮಾಡಲಿ?

ಬೇಸರ ಬೇಡ. ಮೊದಲು ಒಂದೇ ಕಾರ್ಡಿನಲ್ಲಿ ನಿಮ್ಮ ಆಟಗಳನ್ನು ಆಡಿ ನೋಡಿ, ಹೆಚ್ಚಿನವು ಹಿಂದಿಗಿಂತ ನಯವಾಗಿ ಓಡುತ್ತವೆ. ಎರಡನೆಯದನ್ನು ಧೂಳು ತೆಗೆದು, ಥರ್ಮಲ್ ಪೇಸ್ಟ್ ಬದಲಿಸಿ ಮಾರಿ, ಇಲ್ಲವೇ ಕಾರ್ಡೇ ಇಲ್ಲದ ಇನ್ನೊಬ್ಬ ಹುಡುಗನಿಗೆ ಕೊಡಿ. ನನ್ನ ಎರಡನೆಯ 970 ಕಲ್ಯಾಣದ ಒಬ್ಬ ಹುಡುಗನ ಯಂತ್ರದಲ್ಲಿ ಒಂಟಿಯಾಗಿ ಇನ್ನೂ ಓಡುತ್ತಿದೆ. ಹೋದ ತಿಂಗಳು ಅದರ ಫ್ಯಾನಿಗೆ ಎಣ್ಣೆ ಬಿಟ್ಟು ಬಂದೆ.